ಲಾಂಡ್ರಿಗೂ ಒಂದು ರಜೆ

ಮಾರ್ಚ್ ೧೧, ಬುಧವಾರ

ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿದ್ದವು. ರದ್ದಿಗೆ ಹಾಕಲು ಮನಸ್ಸಾಗಲಿಲ್ಲ. ಮೊದಲ ಅರ್ಧದಲ್ಲಿ ಅವಳ ರಸಾಯನಶಾಸ್ತ್ರ, ಉಳಿದರ್ಧದಲ್ಲಿ ನನ್ನ ಗೊಣಗಾಟ. ಮನೆಯಲ್ಲಿ ಮಾತಾಡಲು ಇಬ್ಬರಿದ್ದಾರೆ, ನಿಜ. ಆದರೆ ಮಗಳಿಗೆ ಪರೀಕ್ಷೆ, ಮಾವನಿಗೆ ಕಿವಿ ಮಂದ. ಅವರ ಹತ್ತಿರ ಗೊಣಗಬೇಕೆಂದರೆ ಕೂಗಿ ಗೊಣಗಬೇಕು, ಕೂಗಿದರೆ ಅದು ಜಗಳವಾಗುತ್ತದೆ.

ಇವತ್ತು ಲಾಂಡ್ರಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಆಸ್ಪತ್ರೆಯ ಹೊಸ ಕಟ್ಟಡದಲ್ಲಿ ಎರಡು ಮಹಡಿ ತೆರೆದದ್ದರಿಂದ ಒಗೆಯುವ ಬಟ್ಟೆ ಹೆಚ್ಚಾಗಿದೆ. ಬೆಳಿಗ್ಗೆ ಆರರಿಂದ ಎರಡರವರೆಗೆ ಇದ್ದ ಪಾಳಿ ಇನ್ನು ನಾಲ್ಕರವರೆಗೆ, ತಾತ್ಕಾಲಿಕವಾಗಿ. ಸೀಟಿ ಅದನ್ನು ಜೋರಾಗಿ ಓದಿ, “ಅಕ್ಕಾ, ನಮ್ಮ ಮನೆ ಬಚ್ಚಲಿಗೆ ಅಪ್ಪ ತಾತ್ಕಾಲಿಕವಾಗಿ ಒಂದು ಗೋಣಿಚೀಲ ಕಟ್ಟಿದ್ರು, ಬಾಗಿಲು ಬರೋವರೆಗೂ ಅಂತ. ನಾನು ಹುಟ್ಟೋಕೆ ಮುಂಚಿನ ಮಾತು” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಮೇಲ್ವಿಚಾರಕ ಸಾಹೇಬರು ಬಂದರು. ನಗು ನುಂಗಿಕೊಂಡೆ.

ಸೀಟಿ ಎಂದರೆ ಇಸ್ತ್ರಿ ರೋಲರಿನ ಮುಂದೆ ನನ್ನ ಜೊತೆ ನಿಲ್ಲುವ ಹುಡುಗಿ. ಯಂತ್ರದ ಸದ್ದನ್ನೂ ಮೀರಿಸಿ ಸೀಟಿ ಹೊಡೆಯುತ್ತಾಳೆ, ಅದಕ್ಕೆ ಆ ಹೆಸರು. ಒದ್ದೆ ಹಾಸುಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕೊಡವಿ, ಸುಕ್ಕು ಬಿಡಿಸಿ, ಕಾದ ರೋಲರಿನ ಬಾಯಿಗೆ ಕೊಡಬೇಕು. ದಿನಕ್ಕೆ ಎಂಟುನೂರು ಇತ್ತು, ಈಗ ಸಾವಿರದ ಇನ್ನೂರು.

ನಮಗ್ಯಾಕೆ? ಹೇಳಿದಷ್ಟು ಮಾಡಿದರಾಯಿತು. ಯಜಮಾನರು ತೀರಿಕೊಂಡ ಮೇಲೆ ಈ ಕೆಲಸ ಸಿಕ್ಕಿದ್ದೇ ದೊಡ್ಡದು.

ಮಾರ್ಚ್ ೧೬, ಸೋಮವಾರ

ಕಾಲು ನನ್ನವೇ ಅಲ್ಲ ಅನ್ನಿಸುತ್ತಿದೆ. ನಿನ್ನೆ ಭಾನುವಾರ ಇಡೀ ಮಲಗಿದರೂ ಆಯಾಸ ಇಳಿಯಲಿಲ್ಲ.

ರೋಲರಿನ ಬಾಯಿಯ ಮುಂದೆ ಒಂದು ತಡೆಗಂಬಿ ಇದೆ. ಕೈ ಹತ್ತಿರ ಹೋಗಿ ಅದಕ್ಕೆ ತಾಗಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ದಪ್ಪ ಹೊದಿಕೆ ತಾಗಿದರೂ ನಿಲ್ಲುತ್ತದೆ, ಮತ್ತೆ ಚಾಲೂ ಆಗಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಸಾಹೇಬರ ಕಣ್ಣಿಗೆ ಬಿದ್ದಿರಬೇಕು. ಇವತ್ತು ನಾವು ಬರುವಷ್ಟರಲ್ಲಿ ಕಂಬಿಯನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿದಿದ್ದರು. “ಇದ್ಯಾಕೆ ಸಾರ್ ಕಟ್ಟಿದ್ದು?” ಎಂದು ಸೀಟಿ ಕೇಳಿದಳು. “ಕೈ ಇರೋದು ಹುಷಾರಾಗಿ ಇಟ್ಕೊಳ್ಳೋಕೆ” ಎಂದರು.

ನಾನು ಕೇಳಲಿಲ್ಲ. ಬಟ್ಟೆ ಕೊಡವುತ್ತಾ ಇದ್ದೆ.

ಮಾರ್ಚ್ ೧೯, ಗುರುವಾರ

ಮೂರೂವರೆಗೆ ಸೀಟಿಯ ಬಲಗೈ ರೋಲರಿಗೆ ಸಿಕ್ಕಿತು. ನಾನೇ ಗುಂಡಿ ಒತ್ತಿ ನಿಲ್ಲಿಸಿದೆ. ಎರಡು ಬೆರಳು.

ಬರೆಯಲಾಗುತ್ತಿಲ್ಲ.

ಮಾರ್ಚ್ ೨೪, ಮಂಗಳವಾರ

ಸಾಹೇಬರು ತಮ್ಮ ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಆರು ವರ್ಷದಲ್ಲಿ ಆ ಕೋಣೆಯಲ್ಲಿ ಕೂತದ್ದು ಇದೇ ಮೊದಲು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು. ಯಂತ್ರದ ತಡೆಗಂಬಿ ಸರಿಯಾಗಿತ್ತು, ಆಕೆ ಅಕ್ಕಪಕ್ಕ ನೋಡುತ್ತಾ ಸೀಟಿ ಹೊಡೆಯುತ್ತಾ ಅಜಾಗರೂಕತೆಯಿಂದ ಕೈಯಿಟ್ಟಳು, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿತ್ತು.

“ಕಂಬಿ...” ಎಂದೆ.

“ಕಂಬಿ ಏನಮ್ಮಾ?” ಎಂದರು. ಸಿಟ್ಟಿನಿಂದಲ್ಲ, ಬಹಳ ನಯವಾಗಿ. “ನಿಮ್ಮ ಮಗಳು ಈ ವರ್ಷ ಕಾಲೇಜು ಮುಗಿಸ್ತಾಳಲ್ವಾ? ಮಾವನಿಗೆ ನಮ್ಮಲ್ಲೇ ಔಷಧಿ ಸಿಗ್ತಿದೆ. ಎಲ್ಲಾ ಚೆನ್ನಾಗಿ ನಡೀತಾ ಇದೆ. ಕೆಡಿಸ್ಕೋಬೇಡಿ.”

ಸಹಿ ಹಾಕಿದೆ. ನನ್ನ ಸಹಿ ಯಾವಾಗಲೂ ವಕ್ರವಾಗಿರುತ್ತದೆ. ಇವತ್ತು ಯಾಕೋ ಗುಂಡುಗುಂಡಗೆ ಮುದ್ದಾಗಿ ಬಂತು.

ಮಾರ್ಚ್ ೨೭, ಶುಕ್ರವಾರ

ಹಣ್ಣು ತೆಗೆದುಕೊಂಡು ಸೀಟಿಯ ಮನೆಗೆ ಹೋದೆ. ಕೈಗೆ ದಿಂಬಿನಷ್ಟು ದಪ್ಪ ಬ್ಯಾಂಡೇಜು. ಉಂಗುರದ ಬೆರಳು ಮತ್ತು ಕಿರುಬೆರಳು ಇನ್ನು ಮಡಚಲು ಬರುವುದಿಲ್ಲ ಎಂದಿದ್ದಾರೆ ವೈದ್ಯರು. ಅವಳನ್ನು ಕೆಲಸದಿಂದ ಅಮಾನತು ಮಾಡಿ ಪತ್ರವೂ ಬಂದಿದೆ. ‘ನಿಮ್ಮ ಅಜಾಗರೂಕತೆಯಿಂದ’ ಎಂದೇ ಶುರುವಾಗುತ್ತದೆ.

“ಸೀಟಿ ಹೊಡೆಯೋಕೆ ಬೇಕಾಗೋದು ಈ ಎರಡು ಬೆರಳಲ್ಲ ಬಿಡಕ್ಕಾ, ಪುಣ್ಯ” ಎಂದು ನಕ್ಕಳು. ಆಮೇಲೆ, “ಅವರು ಏನು ಬೇಕಾದ್ರೂ ಬರ್ಕೊಳ್ಳಲಿ. ಪಕ್ಕದಲ್ಲಿ ನೀನಿದ್ದೆಯಲ್ಲ, ನೋಡಿದವಳು” ಎಂದಳು.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದುಬಿಟ್ಟೆ. ನಾನು ಹೋಗಿದ್ದೂ ಬಂದದ್ದೂ ನಡೆದುಕೊಂಡೇ.

ಏಪ್ರಿಲ್ ೫, ಭಾನುವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಊಟ ಸೇರುತ್ತಿಲ್ಲ. ಇವತ್ತು ಬೆಳಿಗ್ಗೆ ಬಟ್ಟೆ ಮಡಚುತ್ತಾ ಕೂತಿದ್ದೆ. ಮಾವ ಎದುರು ಬಂದು ಕೂತರು.

“ಏನಾಗಿದೆ ನಿನಗೆ? ಗಟ್ಟಿಯಾಗಿ ಹೇಳು, ಕಿವಿ ಕೇಳಲ್ಲ.”

ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಕಂಬಿ, ತಂತಿ, ಬೆರಳು, ಸಹಿ ಎಲ್ಲವನ್ನೂ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಮಾವ ಹಡಗುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಮೂಟೆ ಹೊತ್ತವರು, ಕಾರ್ಮಿಕ ಸಂಘದವರು. ಮೇ ಒಂದನೇ ತಾರೀಖು ಬಂತೆಂದರೆ ಈ ವಯಸ್ಸಿನಲ್ಲೂ ಬೆಳಿಗ್ಗೆಯೇ ಗಡ್ಡ ಬೋಳಿಸಿ, ಒಗೆದ ಅಂಗಿ ಹಾಕಿ ಕೂರುತ್ತಾರೆ.

ಬೈಯಲಿಲ್ಲ. “ಈ ರಜೆ ಎಲ್ಲಿಂದ ಬಂತು ಗೊತ್ತಾ ನಿನಗೆ?” ಎಂದರು.

ಕೆಂಪು ಅಕ್ಷರದಲ್ಲಿ ಕ್ಯಾಲೆಂಡರಿನಲ್ಲಿ ಇರುತ್ತದೆ ಎಂದಷ್ಟೇ ಗೊತ್ತಿತ್ತು. ನಮ್ಮ ಲಾಂಡ್ರಿಗೆ ಆ ರಜೆ ಯಾವತ್ತೂ ಬಂದಿಲ್ಲ. ಆಸ್ಪತ್ರೆ ಅಲ್ಲವೇ.

ಮಾವ ಹೇಳಿದರು. ನೂರಾ ಮೂವತ್ತೆಂಟೋ ನಲವತ್ತೋ ವರ್ಷದ ಹಿಂದೆ, ಸಮುದ್ರದಾಚೆಯ ಒಂದು ದೊಡ್ಡ ಊರಿನಲ್ಲಿ, ದಿನಕ್ಕೆ ಹತ್ತು, ಹನ್ನೆರಡು, ಹದಿನಾಲ್ಕು ಗಂಟೆ ದುಡಿಯುತ್ತಿದ್ದ ಜನ ಮೇ ಒಂದರಂದು ಕೆಲಸ ನಿಲ್ಲಿಸಿ ಬೀದಿಗೆ ಬಂದರಂತೆ. ಕೇಳಿದ್ದು ಇಷ್ಟೇ: ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ದೆ, ಉಳಿದ ಎಂಟು ಗಂಟೆ ನಮಗೆ. ನಾಲ್ಕನೇ ದಿನದ ಸಭೆಯಲ್ಲಿ ಯಾರೋ ಬಾಂಬು ಎಸೆದರು. ಎಸೆದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಪೊಲೀಸರೂ ಸತ್ತರು, ಕೆಲಸಗಾರರೂ ಸತ್ತರು. ಮುಂದಾಳುಗಳನ್ನು ಹಿಡಿದು, ನಾಲ್ವರನ್ನು ಗಲ್ಲಿಗೇರಿಸಿದರು. ಅದಾಗಿ ಕೆಲವು ವರ್ಷಕ್ಕೆ ದೇಶದೇಶದ ಕಾರ್ಮಿಕರು ಒಂದು ಕಡೆ ಸೇರಿ, ಇನ್ನು ಈ ದಿನ ನಮ್ಮೆಲ್ಲರದು ಎಂದು ಗೊತ್ತುಮಾಡಿದರು.

“ನಮ್ಮ ಹಡಗುಕಟ್ಟೆಗೆ ಅದು ಸುಮ್ನೆ ಬರಲಿಲ್ಲ. ಹನ್ನೊಂದು ದಿನ ಗೇಟಿನ ಹೊರಗೆ ನಿಂತ್ವಿ” ಎಂದರು ಮಾವ. ಈ ಹನ್ನೊಂದು ದಿನದ ಕಥೆಯನ್ನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ. ಆದರೆ ಇವತ್ತು ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಾ, “ನಾನು ನಿಂತಿದ್ದು ಎಂಟೇ ದಿನ ಕಣಮ್ಮಾ. ಮೊದಲ ಮೂರು ದಿನ ಒಳಗಿದ್ದೆ. ಹಿಂದಿನ ಗೇಟಿಂದ ಹೋಗಿ ಮೂಟೆ ಹೊತ್ತೆ. ನಿನ್ನ ಗಂಡ ಆಗ ಮೂರು ತಿಂಗಳ ಮಗು. ಹೆದರಿಕೊಂಡಿದ್ದೆ” ಎಂದರು.

ಇದನ್ನು ಅವರು ತಮ್ಮ ಮಗನಿಗೂ ಹೇಳಿರಲಿಲ್ಲ.

“ಮತ್ತೆ ನಾಲ್ಕನೇ ದಿನ?” ಎಂದೆ.

“ಹೊರಗೆ ಹೋದೆ. ಒಬ್ಬ ಉಗಿದ. ಇನ್ನೊಬ್ಬ ಬೀಡಿ ಕೊಟ್ಟ. ಉಗಿಸಿಕೊಂಡ ಮೇಲೇನೇ ಬೀಡಿ ರುಚಿಯಾಗಿತ್ತು.”

ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡೆ.

ಏಪ್ರಿಲ್ ೭, ಮಂಗಳವಾರ

ನನ್ನ ಕೈಯಾರೆ ಒಂದು ಪತ್ರ ಬರೆದೆ. ಕಾಗುಣಿತವನ್ನು ಮಗಳು ತಿದ್ದಿದಳು. ಸಾಹೇಬರ ಮೇಜಿನ ಮೇಲಿಟ್ಟು, “ಮೊದಲಿನ ಹೇಳಿಕೆ ವಾಪಸ್ ಕೊಡಿ ಸಾರ್, ಅದು ಸುಳ್ಳು” ಎಂದೆ. ಕೈ ಹಿಂದೆ ಕಟ್ಟಿಕೊಂಡೆ.

ಅವರು ಪತ್ರ ಓದಿದರು. ಡ್ರಾಯರ್ ಎಳೆದು ಒಳಗೆ ಹಾಕಿ ಮುಚ್ಚಿದರು. “ಬಿಸಿಲು ಜಾಸ್ತಿ ಆಗಿದೆ. ಮನೆಗೆ ಹೋಗಿ ನೀರು ಕುಡಿದು ಮಲಗಿ” ಎಂದರು.

ಏಪ್ರಿಲ್ ೧೩, ಸೋಮವಾರ

ಇನ್ನೊಂದು ಚೀಟಿ. ಮೇ ಒಂದು, ಕಾರ್ಮಿಕರ ದಿನ, ಕಚೇರಿಗೆ ರಜೆ. ಲಾಂಡ್ರಿ ಎಂದಿನಂತೆ ಆರರಿಂದ ನಾಲ್ಕು. ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣದಲ್ಲಿ ಕಾರ್ಮಿಕರಿಗೆ ಸಿಹಿ ಹಂಚಿಕೆ. ಕೆಲಸಕ್ಕೆ ತೊಂದರೆಯಾಗದಂತೆ ಲಾಂಡ್ರಿಯಿಂದ ಇಬ್ಬರು ಮಾತ್ರ ಬರಬೇಕು.

ಕೊನೆಯ ಸಾಲು: ಈ ವರ್ಷದ ಉತ್ತಮ ಕಾರ್ಮಿಕ ಪ್ರಶಸ್ತಿ ಇಸ್ತ್ರಿ ವಿಭಾಗದ... ಎಂದು ನನ್ನ ಹೆಸರು.

ಎಲ್ಲರೂ ಬಂದು ಕೈ ಕುಲುಕಿದರು. ಒಗೆಯುವ ಯಂತ್ರ ನೋಡಿಕೊಳ್ಳುವ ಅಣ್ಣಯ್ಯ ಒಬ್ಬರೇ ಬರಲಿಲ್ಲ. ದೂರದಿಂದ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತೇಳು ವರ್ಷದ ಸರ್ವಿಸು ಅವರದು, ಮಾತು ಕಡಿಮೆ.

ವೇದಿಕೆಯ ಮೇಲೆ ಓದಲು ಮೂರು ವಾಕ್ಯ ಬರೆದುಕೊಟ್ಟಿದ್ದಾರೆ. ಮೊದಲನೆಯದು: ಈ ಸಂಸ್ಥೆ ನನಗೆ ತಾಯಿಯಿದ್ದಂತೆ.

ಏಪ್ರಿಲ್ ೧೫, ಬುಧವಾರ

ಸೀಟಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸಹಿಯನ್ನೂ, ಪ್ರಶಸ್ತಿಯನ್ನೂ. ಅವಳು ಎಡಗೈಯಿಂದ ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಿದ್ದರೆ ಎಷ್ಟೋ ಮೇಲಿತ್ತು, ಮೆಲ್ಲಗೆ ಹಾಕಿದಳು.

ಏಪ್ರಿಲ್ ೧೭, ಶುಕ್ರವಾರ

ನಾಲ್ಕು ಗಂಟೆಗೆ ಹೊರಗೆ ಬಂದರೆ ಗೇಟಿನ ಪಕ್ಕದಲ್ಲಿ ಸೀಟಿ ನಿಂತಿದ್ದಳು.

“ಸಿಟ್ಟು ಇನ್ನೂ ಇದೆ” ಎಂದಳು.

“ಇರಲಿ” ಎಂದೆ.

“ಬೇಜಾನ್ ಇದೆ.”

“ಇರಲಿ ಕಣೆ.”

“ಈಗ ಏನು ಮಾಡ್ತೀಯ, ಅದನ್ನ ಹೇಳು.”

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಪ್ರಶಸ್ತಿ ಬೇಡ ಎಂದು ಹೇಳುತ್ತೇನೆ ಎಂದೆ. ಅವಳು ತಲೆ ಕೊಡವಿದಳು. “ಬೇಡ ಅಂದ್ರೆ ಇನ್ನೊಬ್ಬರಿಗೆ ಕೊಡ್ತಾರೆ. ತಗೋ. ಮೈಕು ಕೈಗೆ ಬರುತ್ತಲ್ಲ.”

ನನಗೆ ಇದು ಹೊಳೆದಿರಲಿಲ್ಲ. ಆದರೆ ಇನ್ನೊಂದು ಹೊಳೆದಿತ್ತು. ಒಬ್ಬಳೇ ಹೇಳಿದರೆ ಬಿಸಿಲಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅಲ್ಲಿ ನಾವು ಮೂವತ್ತೊಂದು ಜನವೂ ಇರಬೇಕು. ಇರಬೇಕೆಂದರೆ ಆ ದಿನ ಯಂತ್ರ ನಿಲ್ಲಬೇಕು. ನಿಂತರೂ ಒಬ್ಬ ರೋಗಿಗೂ ಹಾಸುಬಟ್ಟೆ ಕಡಿಮೆಯಾಗಬಾರದು. ಕಡಿಮೆಯಾದರೆ ನಮ್ಮ ಮಾತಿಗೆ ಬೆಲೆಯಿಲ್ಲ, ನಮಗೂ ಮನಸ್ಸು ಒಪ್ಪುವುದಿಲ್ಲ.

ಸೀಟಿ ನನ್ನನ್ನೇ ದಿಟ್ಟಿಸಿ ನೋಡಿದಳು. “ಇದು ನೀನೇನಾ ಅಕ್ಕಾ ಮಾತಾಡ್ತಿರೋದು?” ಎಂದಳು. ಇನ್ಯಾರು ಮಾತಾಡುತ್ತಾರೆ? ಬೆಂಚಿನ ಮೇಲೆ ಇದ್ದದ್ದೇ ಇಬ್ಬರು.

ಏಪ್ರಿಲ್ ೨೦, ಸೋಮವಾರ

ವಾರ್ಡುಗಳ ಉಸ್ತುವಾರಿ ಹಿರಿಯ ಸಿಸ್ಟರ್‌ದು. ಅವರ ಮುಂದೆ ನಿಂತರೆ ಡಾಕ್ಟರುಗಳೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಾರೆ. ಹೋಗಿ ಕೇಳಿದೆ: ಹೊಸ ಕಟ್ಟಡದ ಉಳಿದ ಮಹಡಿಗಳಿಗೆಂದು ತಂದ ಹಾಸುಬಟ್ಟೆಗಳು ಉಗ್ರಾಣದಲ್ಲಿ ಕಟ್ಟು ಬಿಚ್ಚದೆ ಬಿದ್ದಿವೆ. ಅವನ್ನು ಈಗಲೇ ಒಂದು ಸಲ ಒಗೆದು ಇಸ್ತ್ರಿ ಮಾಡಿ ವಾರ್ಡುಗಳ ಬೀರುಗಳಲ್ಲಿ ತುಂಬಿಸಬಹುದೇ?

“ಯಾಕೆ?” ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಒಂದು ಸಲ ಹೇಳಿ ಸಾಕಾಗಿದೆ. ನಿಜವನ್ನೇ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. “ಆ ಹುಡುಗಿ ಕೈಗೆ ಮೊದಲ ಡ್ರೆಸ್ಸಿಂಗ್ ಮಾಡಿದ್ದು ನಾನೇ” ಎಂದರು. ಮತ್ತೆ ಬೀಗದ ಕೈ ಗೊಂಚಲು ಎತ್ತಿಕೊಂಡು ಮುಂದೆ ನಡೆದರು. “ಹೊಸ ಬಟ್ಟೆ ಒಗೆದ್ರೇನೇ ಮೆತ್ತಗಾಗೋದು. ನಾನೇ ಹೇಳಿದೆ ಅಂತ ಹೇಳಿ.”

ಏಪ್ರಿಲ್ ೨೫, ಶನಿವಾರ

ಒಬ್ಬೊಬ್ಬರ ಹತ್ತಿರ ಮಾತಾಡುತ್ತಿದ್ದೇನೆ. ಹಿಂದೆ ನಿಂತು ಮಡಚುವವರು, ನೀರು ಹಿಂಡುವವರು, ಕೈಗಾಡಿ ತಳ್ಳುವವರು. ಅರ್ಧ ಜನ ನಾನು ಕೇಳಿ ಮುಗಿಸುವ ಮೊದಲೇ ಹೂಂ ಅಂದರು. ಇಬ್ಬರು ಯೋಚಿಸುತ್ತೇನೆ ಎಂದರು. ಒಬ್ಬಳು ಅತ್ತಳು. ಅವಳಿಗೆ ಮಾವನ ಮೂರು ದಿನದ ಕಥೆ ಹೇಳಿದೆ. ಹೇಳಬಹುದಾ ಎಂದು ಮಾವನನ್ನು ಮೊದಲೇ ಕೇಳಿಕೊಂಡಿದ್ದೆ. “ಹೇಳು. ಉಪಯೋಗಕ್ಕೆ ಬರಲಿ” ಎಂದಿದ್ದರು.

ಕೊನೆಗೆ ಅಣ್ಣಯ್ಯನ ಹತ್ತಿರ ಹೋದೆ. ಅವರು ಕೇಳಿಸಿಕೊಂಡು, “ಬರ್ತೀನಿ ತಾಯಿ” ಎಂದಷ್ಟೇ ಹೇಳಿ ಯಂತ್ರದ ಕಡೆ ತಿರುಗಿದರು. ಕಣ್ಣಲ್ಲಿ ಏನೋ ಇತ್ತು, ನನಗೆ ತಿಳಿಯಲಿಲ್ಲ.

ಕಾಲು ನೋಯುತ್ತಿಲ್ಲ ಎಂದು ಈಗ ಗಮನಕ್ಕೆ ಬಂತು. ಹೊಸ ಚಪ್ಪಲಿ ಇರಬೇಕು.

ಏಪ್ರಿಲ್ ೩೦, ಗುರುವಾರ

ನಾಲ್ಕನೇ ವಾರ್ಡಿನ ಬೀರು ತುಂಬಿತು. ಹೆರಿಗೆ ವಾರ್ಡು ತುಂಬಿತು. ಶಸ್ತ್ರಚಿಕಿತ್ಸೆಯ ಕೋಣೆಗಳಿಗೆ ಎರಡು ದಿನಕ್ಕೆ ಸಾಲುವಷ್ಟು ಹಸಿರು ಬಟ್ಟೆ ಕಟ್ಟುಕಟ್ಟಾಗಿ ಹೋಯಿತು. ಮೂರು ಐವತ್ತಕ್ಕೆ ಕೊನೆಯ ಹಾಸುಬಟ್ಟೆ ರೋಲರಿನಿಂದ ಹೊರಬಂದಾಗ ಎಲ್ಲರೂ ಒಮ್ಮೆ ಕೈ ಇಟ್ಟು ನೋಡಿದರು. ಬೆಚ್ಚಗಿತ್ತು.

ಮೇಲ್ವಿಚಾರಕ ಬಂದು, “ಪರವಾಗಿಲ್ವೇ, ಈ ವಾರ ಒಳ್ಳೆ ಕೆಲಸ ಆಗಿದೆ” ಎಂದ. ಅವನು ಬೆನ್ನು ತಟ್ಟಿದ್ದು ಇದೇ ಮೊದಲು. ಪಾಪ.

ಮೇ ೧, ಶುಕ್ರವಾರ

ಎಲ್ಲಿಂದ ಶುರುಮಾಡಲಿ?

ಆರು ಗಂಟೆಗೆ ಲಾಂಡ್ರಿಯ ಬೀಗ ತೆರೆಯಲಿಲ್ಲ. ಕಚೇರಿಗೆ ರಜೆಯಾದ್ದರಿಂದ ಅದನ್ನು ನೋಡುವವರೂ ಇರಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮೂವತ್ತು ಜನ ಸಭಾಂಗಣದ ಮೆಟ್ಟಿಲು ಹತ್ತಿದೆವು, ಜೊತೆಗೆ ಸೀಟಿ. ಅವಳನ್ನೂ ಎಣಿಸಿದರೆ ಮೂವತ್ತೊಂದು. ಯೋಚಿಸುತ್ತೇನೆ ಎಂದವರಿಬ್ಬರೂ ಬಂದಿದ್ದರು. ಅತ್ತವಳು ಎಲ್ಲರಿಗಿಂತ ಮುಂದಿದ್ದಳು. ವರ್ಷಗಟ್ಟಲೆ ಊರಿನವರ ಬಟ್ಟೆಗೆ ಇಸ್ತ್ರಿ ಹಾಕಿದವರು ಇವತ್ತು ನಮ್ಮ ನಮ್ಮ ಬಟ್ಟೆಗೆ ಹಾಕಿಕೊಂಡಿದ್ದೆವು. ಏಪ್ರನ್ನು ಇಲ್ಲದೆ ಒಬ್ಬರನ್ನೊಬ್ಬರು ಗುರುತು ಹಿಡಿಯಲು ಕಷ್ಟವಾಯಿತು.

ಮೇಲ್ವಿಚಾರಕ ಓಡಿಬಂದ. “ಏನಿದು, ಇಬ್ಬರೇ ಬರಬೇಕು ಅಂತ ಹೇಳಿರಲಿಲ್ವಾ? ಮಷೀನು ಯಾರು ನೋಡ್ಕೊಳ್ತಿದಾರೆ?”

“ಅವು ಎಲ್ಲಿಗೂ ಓಡಿಹೋಗಲ್ಲ ಸಾರ್” ಎಂದರು ಅಣ್ಣಯ್ಯ.

“ರೋಗಿಗಳ ಗತಿ ಏನು?”

ಇದಕ್ಕೆ ಉತ್ತರ ಕೊಟ್ಟದ್ದು ಹಿಂದಿನಿಂದ ಬಂದ ಹಿರಿಯ ಸಿಸ್ಟರ್. “ನಾಳೆ ಸಂಜೆವರೆಗೂ ಎಲ್ಲಾ ವಾರ್ಡಿಗೂ ಬಟ್ಟೆ ಇದೆ. ನಾನೇ ನೋಡಿ ಬಂದೆ. ದಾರಿ ಬಿಡಿ, ಕೂತ್ಕೊಳ್ಳಲಿ.”

ಮಗಳ ಹೆಗಲು ಹಿಡಿದುಕೊಂಡು ಮಾವನೂ ಬಂದಿದ್ದರು. ಮುಂದಿನ ಸಾಲಿನಲ್ಲೇ ಕೂರಬೇಕೆಂದು ಹಟ ಮಾಡಿ ಕೂತರು.

ನಿರ್ದೇಶಕರು ವಯಸ್ಸಾದ ಹೆಂಗಸು, ಹೆಸರಾಂತ ಸರ್ಜನ್. ಅವರನ್ನು ನಾನು ಹತ್ತಿರದಿಂದ ನೋಡಿದ್ದು ಇವತ್ತೇ. ಅವರು ಪ್ರಶಸ್ತಿ ಪತ್ರ ಕೊಟ್ಟರು, ಚಪ್ಪಾಳೆಯಾಯಿತು, ಮೈಕು ನನ್ನ ಕೈಗೆ ಬಂತು. ಬರೆದುಕೊಟ್ಟ ಹಾಳೆ ಬಿಚ್ಚಿದೆ. “ಈ ಸಂಸ್ಥೆ ನನಗೆ ತಾಯಿಯಿದ್ದಂತೆ” ಎಂದು ಓದಿದೆ. ಮುಂದಿನ ಸಾಲು ಓದಲಿಲ್ಲ. ಹಾಳೆ ಮಡಚಿ ಇಟ್ಟೆ.

“ತಾಯಿ ಹತ್ರ ನಿಜ ಹೇಳಬೇಕಲ್ವಾ? ಅದಕ್ಕೇ ಹೇಳ್ತೀನಿ” ಎಂದೆ.

ಹೇಳಿದ್ದೆಲ್ಲ ನೆನಪಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ.

“ನಾನು ಉತ್ತಮ ಕಾರ್ಮಿಕಳಲ್ಲ. ಮಾರ್ಚ್ ಇಪ್ಪತ್ತನಾಲ್ಕನೇ ತಾರೀಖು ಒಂದು ಸುಳ್ಳಿಗೆ ಸಹಿ ಹಾಕಿದೀನಿ. ನಮ್ಮ ರೋಲರಿನ ತಡೆಗಂಬಿ ಸರಿಯಾಗಿತ್ತು ಅಂತ ಆ ಕಾಗದದಲ್ಲಿದೆ. ಕಂಬಿಯನ್ನ ತಂತಿಯಲ್ಲಿ ಕಟ್ಟಿತ್ತು. ಈಗಲೂ ಕಟ್ಟಿದೆ. ಆ ಹುಡುಗಿ ಕೈ ಸಿಕ್ಕಿದ್ದು ಮೂರೂವರೆಗೆ, ಒಂಬತ್ತೂವರೆ ಗಂಟೆ ನಿಂತ ಮೇಲೆ. ಮೊದಲಿನ ಹಾಗೆ ಎರಡು ಗಂಟೆಗೆ ಬಿಟ್ಟಿದ್ರೆ ಅಷ್ಟು ಹೊತ್ತಿಗೆ ಅವಳು ಮನೇಲಿರ್ತಿದ್ದಳು, ಹತ್ತು ಬೆರಳೂ ಸೇರಿ.”

ಯಾರೋ ಕೆಮ್ಮಿದರು. ನಿರ್ದೇಶಕರ ಮುಖ ನೋಡಲು ಧೈರ್ಯವಾಗಲಿಲ್ಲ, ಮಾವನ ಮುಖ ನೋಡಿಕೊಂಡು ಮಾತಾಡಿದೆ.

“ಈ ದಿನ ಸಿಹಿ ಹಂಚೋಕೆ ಹುಟ್ಟಿದ್ದಲ್ಲ. ಎಂಟು ಗಂಟೆ ಕೆಲಸ ಸಾಕು ಅಂತ ಕೇಳಿದವರು ಬೀದಿಗೆ ಬಂದರು, ಜೈಲಿಗೆ ಹೋದರು, ನೇಣಿಗೂ ಹೋದರು. ಆ ಎಂಟು ಗಂಟೆ ನಮ್ಮ ಲಾಂಡ್ರಿಯಲ್ಲೂ ಇತ್ತು. ಒಂದು ಚೀಟಿ ಅಂಟಿಸಿ ತಗೊಂಡ್ರಿ. ಅದನ್ನ ವಾಪಸ್ ಕೊಡಿ. ಈ ಪ್ರಶಸ್ತಿ ಅವಳಿಗೆ ಸೇರಬೇಕು.”

“ಏನಂದ್ಲು?” ಎಂದು ಮಾವ ಮಗಳನ್ನು ಜೋರಾಗಿ ಕೇಳಿದರು. “ಚೆನ್ನಾಗಿ ಹೇಳಿದ್ಳು ತಾತಾ!” ಎಂದು ಮಗಳು ಅದಕ್ಕಿಂತ ಜೋರಾಗಿ ಹೇಳಿದಳು. ಇಡೀ ಸಭಾಂಗಣಕ್ಕೆ ಕೇಳಿಸಿತು.

ನಿರ್ದೇಶಕರು ಮೇಲ್ವಿಚಾರಕನ ಕಡೆ ತಿರುಗಿದರು. “ಕಂಬಿ ಕಟ್ಟಿತ್ತಾ?”

“ಇಲ್ಲ ಮೇಡಂ. ಇವರಿಗೆ ಯಾರೋ ಹೇಳಿಕೊಟ್ಟಿದ್ದಾರೆ.”

ಆಗ ಗೋಡೆಯ ಪಕ್ಕದಲ್ಲಿ ನಿಂತಿದ್ದ ಅಣ್ಣಯ್ಯ ಎರಡು ಹೆಜ್ಜೆ ಮುಂದೆ ಬಂದರು. ಇಪ್ಪತ್ತೇಳು ವರ್ಷದಲ್ಲಿ ಅವರ ಗಂಟಲು ಅಷ್ಟು ಜೋರಾದದ್ದನ್ನು ನಾವ್ಯಾರೂ ಕೇಳಿಲ್ಲ.

“ಕಟ್ಟಿದ್ದು ನಾನು ಮೇಡಂ. ಈ ಕೈಯಿಂದಲೇ ಕಟ್ಟಿದೆ. ಕಟ್ಟು ಅಂದೋರು ಇವರು. ಆ ಮಗೂನ ಗಾಡಿ ಮೇಲೆ ಮಲಗಿಸಿ ತಗೊಂಡು ಹೋದ ದಿನದಿಂದ ನನಗೆ ನಿದ್ದೆ ಇಲ್ಲ.”

ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡ ಭಾರವನ್ನು ಹತ್ತು ಹೆಜ್ಜೆ ದೂರದಲ್ಲಿ ಇನ್ನೊಬ್ಬರೂ ಹೊತ್ತುಕೊಂಡು ಓಡಾಡುತ್ತಿದ್ದರು. ದಿನಾ ಒಂದೇ ಕೊಠಡಿಯಲ್ಲಿ ಚಹಾ ಕುಡಿದಿದ್ದೇವೆ.

ನಿರ್ದೇಶಕರು ಎದ್ದರು. “ಲಾಂಡ್ರಿ ಎಲ್ಲಿದೆ?” ಎಂದು ಕೇಳಿದರು. ಹನ್ನೆರಡು ವರ್ಷದಿಂದ ನಿರ್ದೇಶಕರಾಗಿದ್ದವರು! ಸೀಟಿಯೇ ಮುಂದೆ ಹೋಗಿ ದಾರಿ ತೋರಿಸಿದಳು. ನೆಲಮಾಳಿಗೆಯ ಮೆಟ್ಟಿಲಿಳಿದು ಎಲ್ಲರೂ ಹೋದೆವು. ಹಿಂದೆ ಸಿಸ್ಟರುಗಳು, ಅವರ ಹಿಂದೆ ಕಚೇರಿಯವರು, ಕೊನೆಯಲ್ಲಿ ಸಿಹಿಯ ತಟ್ಟೆ ಹಿಡಿದವನೂ. ಅಣ್ಣಯ್ಯ ಬೀಗ ತೆಗೆದರು. ಯಂತ್ರ ನಿಂತಿದ್ದರೂ ಒಳಗೆ ಸೆಕೆ ಇತ್ತು. ನಿರ್ದೇಶಕರು ರೋಲರಿನ ಮುಂದೆ ಬಗ್ಗಿ ತಂತಿಯನ್ನು ನೋಡಿದರು. ಮೂರು ಸುತ್ತು ಬಿಗಿದ ತಂತಿ. ತಮ್ಮ ಕೈಯನ್ನು ರೋಲರಿನ ಬಾಯಿಯ ಹತ್ತಿರ ಒಯ್ದು ನೋಡಿದರು. ದಿನಾ ಜನರ ಹೊಟ್ಟೆ ಕೊಯ್ದು ಹೊಲಿಯುವ ಕೈ ಅದು. ತಟ್ಟನೆ ಹಿಂದಕ್ಕೆ ತೆಗೆದುಕೊಂಡರು.

“ಬಿಚ್ಚಿ ಇದನ್ನ” ಎಂದರು.

ಅಣ್ಣಯ್ಯ ಬಿಚ್ಚಿದರು. ಕಂಬಿ ಟಕ್ ಎಂದು ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು. ಸೀಟಿ ಎಡಗೈಯ ಎರಡು ಬೆರಳನ್ನು ಬಾಯಿಗಿಟ್ಟು ಒಂದು ಸೀಟಿ ಹೊಡೆದಳು, ಮಹಡಿಯ ಮೇಲಿನ ವಾರ್ಡಿಗೂ ಕೇಳಿಸುವಷ್ಟು. ಆಮೇಲೆ ಯಾರು ಮೊದಲು ಕೂಗಿದರೋ ಗೊತ್ತಿಲ್ಲ. ನಾನೂ ಕೂಗಿದೆ ಅಂತ ಮಗಳು ಹೇಳುತ್ತಾಳೆ.

ಸಿಹಿಯನ್ನು ಅಲ್ಲೇ ಇಸ್ತ್ರಿ ಮೇಜಿನ ಮೇಲಿಟ್ಟು ತಿಂದೆವು. ನಿರ್ದೇಶಕರೂ ತಿಂದರು. ಹೋಗುವಾಗ, “ಇವತ್ತು ನಿಮಗೆ ರಜೆ. ಉಳಿದದ್ದನ್ನ ಕಾರ್ಮಿಕ ಇಲಾಖೆಯವರ ಮುಂದೆ ಕೂತು ಮಾತಾಡೋಣ” ಎಂದರು.

ಮನೆಗೆ ಬಂದ ಮೇಲೆ ಮಾವ ನನ್ನನ್ನು ಕರೆದು ತಲೆಯ ಮೇಲೆ ಕೈಯಿಟ್ಟು, ಮೂಟೆ ಇಳಿಸುವಾಗಿನ ಹಾಗೆ ‘ಹಾಂ’ ಎಂದರು, ಅಷ್ಟೇ.

ಮೇ ೮, ಶುಕ್ರವಾರ

ವಿಚಾರಣೆ. ಕಾರ್ಮಿಕ ಇಲಾಖೆಯ ಅಧಿಕಾರಿ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದರು. “ಒಂದರಲ್ಲಿ ಒಂದು ಹೇಳಿದೀರಿ, ಇನ್ನೊಂದರಲ್ಲಿ ಇನ್ನೊಂದು. ಯಾವುದನ್ನ ನಂಬಲಿ?” ಎಂದು ಕೇಳಿದರು.

“ಒಂದನ್ನ ಅವರು ಟೈಪು ಮಾಡಿಸಿದ್ದು, ನಾನು ಹೆದರಿ ಸಹಿ ಹಾಕಿದ್ದು. ಇನ್ನೊಂದನ್ನ ನಾನೇ ಬರೆದದ್ದು. ಕಾಗುಣಿತದ ತಪ್ಪು ಇನ್ನೂ ಎರಡು ಉಳಿದಿದೆ, ನೋಡಿ” ಎಂದೆ.

ಅಧಿಕಾರಿ ನಕ್ಕರು. ಹಿರಿಯ ಸಿಸ್ಟರ್ ಗಾಯದ ವಿವರ ಹೇಳಿದರು. ಅಣ್ಣಯ್ಯ ಇನ್ನೊಮ್ಮೆ ಎಲ್ಲವನ್ನೂ ಹೇಳಿದರು. ನಮ್ಮವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಮೇಲ್ವಿಚಾರಕನ ಡ್ರಾಯರಿನಿಂದ ಆ ಪತ್ರವನ್ನು ಹೊರಗೆ ತೆಗೆಸಿದ್ದೂ ನಿರ್ದೇಶಕರೇ ಅಂತೆ.

ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನಗೂ ಒಂದು ಎಚ್ಚರಿಕೆ ಪತ್ರ ಬರುತ್ತದೆ. ಸರಿಯೇ. ಬರಲಿ.

ಮೇ ೧೮, ಸೋಮವಾರ

ಇವತ್ತು ಬಾಗಿಲಿಗೆ ಅಂಟಿಸಿದ ಚೀಟಿಯನ್ನು ನಾನೇ ಜೋರಾಗಿ ಓದಿದೆ. ಪಾಳಿ ಎಂಟು ಗಂಟೆ. ಹೆಚ್ಚಿನ ಬಟ್ಟೆಗೆ ಎರಡನೇ ಪಾಳಿ, ಅದಕ್ಕೆ ಮುಂದಿನ ವಾರ ಹನ್ನೆರಡು ಹೊಸಬರು ಬರುತ್ತಾರೆ. ಸೀಟಿಯ ಅಮಾನತು ರದ್ದು. ಕೈ ಗುಣವಾಗುವವರೆಗೆ ಅವಳಿಗೆ ಉಗ್ರಾಣದ ಕೆಲಸ, ಗಾಯಕ್ಕೆ ಪರಿಹಾರ. ಯಾವ ಯಂತ್ರದ ತಡೆಯನ್ನೂ ಯಾರೂ ಮುಟ್ಟುವಂತಿಲ್ಲ. ಇನ್ನು ಪ್ರತಿ ಮೇ ಒಂದರಂದು ಲಾಂಡ್ರಿಗೂ ರಜೆ. ಮೇಲ್ವಿಚಾರಕನ ಕೋಣೆಯಲ್ಲಿ ಬೇರೊಬ್ಬರು ಕೂತಿದ್ದಾರೆ. ಅಣ್ಣಯ್ಯನಿಗೆ ಒಂದು ವಾರದ ಅಮಾನತು. ಅವರು ಅದನ್ನು ರಜೆ ಅಂತಲೇ ಹೇಳಿಕೊಂಡು ಮಗಳ ಊರಿಗೆ ಹೋಗಿದ್ದಾರೆ. ಬಸ್ಸು ಹತ್ತುವ ಮುಂಚೆ ಫೋನು ಮಾಡಿ, ನಿನ್ನೆ ಚೆನ್ನಾಗಿ ನಿದ್ದೆ ಬಂತು ಎಂದರು.

ಎರಡು ಗಂಟೆಗೆ ಯಂತ್ರ ನಿಲ್ಲಿಸಿದೆವು. ಹೊರಗೆ ಬಂದರೆ ಬಿಸಿಲು ಇನ್ನೂ ನೆತ್ತಿಯ ಮೇಲಿತ್ತು. ಮೂವತ್ತು ಜನ ಗೇಟಿನ ಹತ್ತಿರ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟೊಂದು ಹಗಲನ್ನು ಏನು ಮಾಡುವುದು? ಒಬ್ಬಳು ಸಿನಿಮಾಕ್ಕೆ ಎಂದಳು. ಇನ್ನೊಬ್ಬಳು ಮಲಗುತ್ತೇನೆ, ಎಬ್ಬಿಸಿದವರನ್ನು ಸುಮ್ಮನೆ ಬಿಡುವುದಿಲ್ಲ ಎಂದಳು. ಸೀಟಿ ನನ್ನನ್ನು ಕೇಳಿದಳು.

“ಸೈಕಲ್ ಕಲೀಬೇಕು” ಎಂದುಬಿಟ್ಟೆ. ನಲವತ್ತಾರು ವರ್ಷಕ್ಕೆ ಆ ಮಾತು ಎಲ್ಲಿಂದ ಬಂತೋ!

ಅವಳು ನಗಲಿಲ್ಲ. ತಮ್ಮನ ಸೈಕಲ್ ತಂದಳು. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಎಡಗೈಯಿಂದ ಹಿಂದಿನ ಸೀಟು ಹಿಡಿದು ಓಡುತ್ತಾ, “ಮುಂದೆ ನೋಡಕ್ಕಾ, ಕಾಲು ನೋಡ್ಕೋಬೇಡ!” ಎಂದು ಕಿರುಚಿದಳು. ಎರಡು ಸಲ ಬಿದ್ದೆ. ಮೊಣಕಾಲು ತರಚಿತು. ಮೂರನೇ ಸಲ ಬಯಲಿನ ಆ ತುದಿ ಮುಟ್ಟಿ, ಕಷ್ಟಪಟ್ಟು ತಿರುಗಿಸಿ ನೋಡುತ್ತೇನೆ, ಸೀಟಿ ಎಲ್ಲೋ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಯಾವಾಗಲೋ ಕೈ ಬಿಟ್ಟಿದ್ದಳು.

ನಿಲ್ಲಿಸುವುದು ಹೇಗೆಂದು ಇನ್ನೂ ಕಲಿತಿಲ್ಲ. ಅದಕ್ಕೇ ಇನ್ನೊಂದು ಸುತ್ತು ಹೊಡೆದೆ.